ಬದುಕಿದ್ದವರ ಶ್ರಾದ್ಧ

— ಗಿರೀಶ ಕಾಸರವಳ್ಳಿಯವರ ಹೆಸರೆತ್ತಿದರೆ ಸಾಕು, ಜನ ‘ಘಟಶ್ರಾದ್ಧ’ ಅನ್ನುತ್ತಾರೆ. ಅದು 1977ರ ಚಿತ್ರ. ಅಲ್ಲಿಂದ ಮುಂದೆ ನಾಲ್ಕು ದಶಕ ದಾಟಿ ಅವರು ಸಿನಿಮಾ ಮಾಡಿದ್ದಾರೆ. ಮೊದಲ ಚಿತ್ರವನ್ನೇ ಹಿಡಿದುಕೊಂಡು ಕೂತರೆ ಉಳಿದ ಕೆಲಸಕ್ಕೆ ಅನ್ಯಾಯ ಆಗುವುದಿಲ್ಲವೇ?

— ಸ್ವರ್ಣಕಮಲ ಬಂದ ಚಿತ್ರ ಅಂತ ಮಾತ್ರ ನೆನೆದರೆ ಅನ್ಯಾಯವೇ. ನಾನು ಅದನ್ನು ಹಿಡಿದುಕೊಂಡಿರುವುದು ಬೇರೆ ಕಾರಣಕ್ಕೆ. ಬದುಕಿರುವ ಒಬ್ಬ ಹೆಣ್ಣನ್ನು ಸತ್ತಳೆಂದು ಸಾರುವ ಅಧಿಕಾರ ಯಾರಿಗಿದೆ, ಹಾಗೆ ಸಾರುವಾಗ ಪಕ್ಕದಲ್ಲಿ ನಿಂತು ನೋಡಿದವರ ಪಾಲು ಎಷ್ಟು ಅಂತ ಆ ಚಿತ್ರ ಕೇಳಿತು. ಆಮೇಲಿನ ಚಿತ್ರಗಳಲ್ಲಿ ಊರು ಬದಲಾಯಿತು, ಜಾತಿ ಬದಲಾಯಿತು, ಧರ್ಮ ಬದಲಾಯಿತು. ಆ ಪ್ರಶ್ನೆ ಮಾತ್ರ ಅವರನ್ನು ಬಿಡಲಿಲ್ಲ.

— ಚಿತ್ರ ನೋಡದವರಿಗೆ ಇದು ಹೇಗೆ ತಿಳಿಯಬೇಕು? ಮೊದಲು ಕತೆ ಹೇಳಿ.

— ಮಲೆನಾಡಿನ ಒಂದು ಅಗ್ರಹಾರ. ಶೇಷಗಿರಿ ಉಡುಪರ ವೇದಪಾಠಶಾಲೆ. ನಾಣಿ ಅನ್ನುವ ಚಿಕ್ಕ ಹುಡುಗನನ್ನು ಅಪ್ಪ ಅಲ್ಲಿಗೆ ತಂದು ಬಿಡುತ್ತಾನೆ. ಮನೆಯ ನೆನಪು, ದೊಡ್ಡ ಹುಡುಗರ ಕಾಟ, ಬಾಯಿಗೆ ಹತ್ತದ ಮಂತ್ರ. ಅವನಿಗೆ ಆಸರೆಯಾಗುವವಳು ಉಡುಪರ ಮಗಳು ಯಮುನಕ್ಕ, ಎಳೆಯ ವಯಸ್ಸಿನ ವಿಧವೆ. ಊರಿನ ಶಾಲೆಯ ಮೇಷ್ಟರ ಜೊತೆಗಿನ ಸಂಬಂಧದಿಂದ ಅವಳು ಬಸುರಿಯಾಗುತ್ತಾಳೆ. ಅಪ್ಪ ಪಾಠಶಾಲೆಗೆ ಹಣ ಕೂಡಿಸಲು ಪರಊರಿಗೆ ಹೋಗಿರುತ್ತಾರೆ. ಗರ್ಭ ತೆಗೆಸಿದ ಮೇಲೆ ಮೇಷ್ಟರು ಕೈಬಿಡುತ್ತಾರೆ. ಈ ನಡುವೆ ಅವಳು ಹಾವಿನ ಹುತ್ತದೊಳಗೆ ಕೈಯಿಟ್ಟು ಸಾಯಲು ನೋಡುತ್ತಾಳೆ. ವಿಷಯ ಊರಿಗೆ ಗೊತ್ತಾಗುತ್ತದೆ. ಮರಳಿ ಬಂದ ಉಡುಪರು ಮಗಳಿಗೆ ಘಟಶ್ರಾದ್ಧ ಮಾಡುತ್ತಾರೆ. ಗಡಿಗೆಯನ್ನು ಅವಳೆಂದು ಭಾವಿಸಿ ಒಡೆದು, ಉಸಿರಾಡುತ್ತಿರುವವಳಿಗೆ ಉತ್ತರಕ್ರಿಯೆ ಮುಗಿಸುವುದು. ಅಲ್ಲಿಂದಾಚೆ ಅವಳಿಗೆ ಅಪ್ಪನಿಲ್ಲ, ಮನೆಯಿಲ್ಲ, ಊರಿಲ್ಲ. ಇಷ್ಟಾದ ಮೇಲೆ ವಯಸ್ಸಾದ ಉಡುಪರು ಚಿಕ್ಕ ಹುಡುಗಿಯೊಬ್ಬಳನ್ನು ಮದುವೆಯಾಗಲು ಒಪ್ಪುತ್ತಾರೆ.

— ಆ ಮದುವೆಯ ಸುದ್ದಿ ನನಗೆ ಘಟಶ್ರಾದ್ಧಕ್ಕಿಂತ ಕ್ರೂರವಾಗಿ ಕಂಡಿತು. ಯಾರೂ ಅದನ್ನು ತಪ್ಪು ಅನ್ನುವುದಿಲ್ಲ. ಹುಣ್ಣಿಮೆ, ಅಮಾವಾಸ್ಯೆ ಬಂದಷ್ಟು ಸಹಜವಾಗಿ ಬಂದು ಹೋಗುತ್ತದೆ.

— ಕಾಸರವಳ್ಳಿಯವರ ಶಕ್ತಿ ಇರುವುದೇ ಅಲ್ಲಿ. ಉಡುಪರನ್ನು ಅವರು ಖಳ ಮಾಡಿಲ್ಲ. ಆ ಮುದುಕನಿಗೆ ಮಗಳ ಮೇಲೆ ಪ್ರೀತಿಯಿದೆ, ಶಾಸ್ತ್ರದ ಮೇಲೆ ನಂಬಿಕೆಯಿದೆ. ಎರಡೂ ನಿಜ, ಎರಡನೆಯದು ಮೊದಲನೆಯದನ್ನು ನುಂಗುತ್ತದೆ. ಅವನು ಕೆಟ್ಟವನಾಗಿದ್ದರೆ ನಾವು ಹಗುರಾಗಿ ಎದ್ದು ಬರುತ್ತಿದ್ದೆವು. ಆಗ ತಪ್ಪು ಒಬ್ಬನದಾಗುತ್ತಿತ್ತು.

— ಆದರೂ ಒಂದು ಆಕ್ಷೇಪ ಇದೆ. ಎಲ್ಲವೂ ನಾಣಿಯ ಕಣ್ಣಿಂದ. ಯು.ಆರ್. ಅನಂತಮೂರ್ತಿಯವರ ಕತೆಯಲ್ಲಿ ಅವನೇ ನಿರೂಪಕ. ಸರಿ, ಕತೆಯಲ್ಲಿ ಅದು ಒಪ್ಪುತ್ತದೆ. ಸಿನಿಮಾದಲ್ಲೂ ಆ ಹುಡುಗನ ಬೆನ್ನ ಹಿಂದೆಯೇ ನಿಂತರೆ ಯಮುನೆಯ ಮನಸ್ಸು ನಮಗೆ ಸಿಗುವುದು ಯಾವಾಗ? ಆ ಹೆಣ್ಣು ಏನನ್ನು ಬಯಸಿದಳು? ಮೇಷ್ಟರಲ್ಲಿ ಏನು ಕಂಡಳು? ಅವಳ ನೋವು ಕಾಣುತ್ತದೆ, ಆಸೆ ಕಾಣುವುದಿಲ್ಲ.

— ಇದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಮಗುವಿನ ಕಣ್ಣು ಅಂದರೆ ಮುಗ್ಧತೆ ಅಂತ ನೀವು ಓದುತ್ತಿದ್ದೀರಿ. ನಾನು ಹಾಗೆ ಓದುವುದಿಲ್ಲ. ಹುತ್ತದ ದೃಶ್ಯವನ್ನೇ ತೆಗೆದುಕೊಳ್ಳಿ. ಕತ್ತಲು, ಕಾಡು, ಹುತ್ತದ ಮುಂದೆ ಯಮುನಕ್ಕ. ಜೊತೆಗಿರುವುದು ನಾಣಿ ಒಬ್ಬನೇ. ಅವನಿಗೆ ಹಾವಿನ ಭಯ, ಕತ್ತಲೆಯ ಭಯ, ದೆವ್ವದ ಭಯ. ಯಮುನಕ್ಕನಿಗೆ ಇವು ಯಾವುವೂ ಇಲ್ಲ. ಅವಳಿಗಿರುವುದು ಬೆಳಗಾಗುವ ಭಯ. ಒಂದೇ ಜಾಗದಲ್ಲಿ ಎರಡು ಬೇರೆ ಬೇರೆ ಭಯಗಳು ಅಕ್ಕಪಕ್ಕ ನಿಂತಿವೆ. ಹುಡುಗನಿಗೆ ಅವಳ ಭಯ ತಿಳಿಯದು, ನಮಗೆ ತಿಳಿಯುತ್ತದೆ. ಈ ಅಂತರದಲ್ಲಿ ನಮ್ಮನ್ನು ನಿಲ್ಲಿಸುವುದಕ್ಕೇ ನಾಣಿ ಬೇಕು. ಅವಳ ಮನಸ್ಸನ್ನು ಮಾತಿನಲ್ಲಿ ಹೇಳಿಸಿಬಿಟ್ಟಿದ್ದರೆ ನಾವು ಅಯ್ಯೋ ಪಾಪ ಅಂದು ಸುಮ್ಮನಾಗುತ್ತಿದ್ದೆವು.

— ನಾಣಿಯನ್ನು ಅಪ್ಪ ಬಂದು ಕರೆದುಕೊಂಡು ಹೋಗುತ್ತಾನೆ. ತಲೆ ಬೋಳಿಸಿಕೊಂಡು ಮರದ ಕೆಳಗೆ ಒಬ್ಬಳೇ ಕೂತ ಯಮುನಕ್ಕನನ್ನು ಅವನು ನೋಡುತ್ತಾನೆ, ಮುಂದೆ ಹೋಗುತ್ತಾನೆ.

— ಹೋಗುತ್ತಾನೆ. ಅವಳಿಂದ ಅನ್ನ ಉಂಡವನು, ಅವಳ ಕೈ ಹಿಡಿದು ನಡೆದವನು ಹೋಗುತ್ತಾನೆ. ಮಗು, ಏನು ಮಾಡಲು ಸಾಧ್ಯ ಅನ್ನುತ್ತೀರಿ. ಆದರೆ ಥಿಯೇಟರಿನಲ್ಲಿ ಕೂತ ನಾವು ಮಕ್ಕಳಲ್ಲವಲ್ಲ. ಅವನ ಕಣ್ಣಲ್ಲಿ ನೋಡಿ ಅವನ ಕಾಲಲ್ಲಿ ನಡೆದು ನಾವೂ ಅವಳನ್ನು ಬಿಟ್ಟು ಬರುತ್ತೇವೆ. ಇದನ್ನು ಇಪ್ಪತ್ತಾರು, ಇಪ್ಪತ್ತೇಳರ ಪ್ರಾಯದಲ್ಲಿ ಒಬ್ಬ ನಿರ್ದೇಶಕ ಕಂಡುಕೊಂಡದ್ದು ನನಗೆ ಇವತ್ತಿಗೂ ಬೆರಗು.

— ಅಷ್ಟು ಚಿಕ್ಕ ವಯಸ್ಸಿನಲ್ಲಿ ಆ ಹಿಡಿತ ಎಲ್ಲಿಂದ ಬಂತು?

— ಒಂದು, ಅವರಿಗೆ ಆ ನೆಲ ಗೊತ್ತು. ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನಲ್ಲಿ 1950ರಲ್ಲಿ ಹುಟ್ಟಿದವರು. ಅನಂತಮೂರ್ತಿಯವರ ಮೇಳಿಗೆಯೂ ಅದೇ ತಾಲ್ಲೂಕು. ನೀನಾಸಂ ಕಟ್ಟಿದ ಕೆ.ವಿ. ಸುಬ್ಬಣ್ಣ ಕಾಸರವಳ್ಳಿಯವರಿಗೆ ಸೋದರಮಾವ. ಮಣಿಪಾಲದಲ್ಲಿ ಫಾರ್ಮಸಿ ಓದಿ, ಔಷಧದ ದಾರಿ ಬಿಟ್ಟು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಹೋದರು. ಅಲ್ಲಿ ಮಾಡಿದ ಡಿಪ್ಲೊಮಾ ಚಿತ್ರ ‘ಅವಶೇಷ್’ಗೂ ರಾಷ್ಟ್ರಪ್ರಶಸ್ತಿ ಬಂತು. ಬಿ.ವಿ. ಕಾರಂತರ ‘ಚೋಮನ ದುಡಿ’ಯಲ್ಲಿ ಸಹಾಯಕರಾಗಿ ದುಡಿದರು.

ಇನ್ನೊಂದು, ಆ ಕಾಲ. 1970ರಲ್ಲಿ ಪಟ್ಟಾಭಿರಾಮ ರೆಡ್ಡಿಯವರ ‘ಸಂಸ್ಕಾರ’ ಬಂದಿತ್ತು, ಅದೂ ಅನಂತಮೂರ್ತಿಯವರದೇ ಕಾದಂಬರಿ. ಸೆನ್ಸಾರಿನವರು ಮೊದಲು ತಡೆದಿದ್ದರು. ಆಮೇಲೆ ‘ವಂಶವೃಕ್ಷ’, ‘ಕಾಡು’. ಸಾಹಿತ್ಯ, ರಂಗಭೂಮಿ, ಸಿನಿಮಾ ಮೂರೂ ಒಂದೇ ಜಗಲಿಯಲ್ಲಿ ಕೂತು ಮಾತಾಡುತ್ತಿದ್ದ ದಿನಗಳು. ‘ಘಟಶ್ರಾದ್ಧ’ದ ನಿರ್ಮಾಪಕರು ಮುಂಬೈ ಕನ್ನಡ ರಂಗಭೂಮಿಯ ಸದಾನಂದ ಸುವರ್ಣ. ಮುಂದೆ ದೂರದರ್ಶನಕ್ಕೆ ‘ಗುಡ್ಡದ ಭೂತ’ ಮಾಡಿದವರು ಅವರೇ. ಹೊಸ ಹುಡುಗನೊಬ್ಬನ ಮೇಲೆ, ಹಾಡಿಲ್ಲದ, ಹೊಡೆದಾಟವಿಲ್ಲದ ಕಪ್ಪುಬಿಳುಪಿನ ಚಿತ್ರದ ಮೇಲೆ ಹಣ ಹಾಕುವುದು ಸಣ್ಣ ಮಾತಲ್ಲ. ಈ ಚಿತ್ರದ ಮಾತು ಬಂದಾಗ ನಾವು ಅವರ ಹೆಸರು ಹೇಳುವುದು ಕಡಿಮೆ. ಹೇಳಬೇಕು.

— ಛಾಯಾಗ್ರಾಹಕರ ಹೆಸರನ್ನೂ ಹೇಳಿ.

— ಎಸ್. ರಾಮಚಂದ್ರ. ‘ಚೋಮನ ದುಡಿ’ಯ ಕ್ಯಾಮೆರಾವೂ ಅವರದೇ, ಮುಂದೆ ‘ಮಾಲ್ಗುಡಿ ಡೇಸ್’ ಕೂಡ. ಮಲೆನಾಡು ಅಂದರೆ ಹಸಿರು ಅನ್ನುವ ಅಭ್ಯಾಸ ನಮ್ಮ ಕಣ್ಣಿಗೆ ಅಂಟಿಕೊಂಡಿದೆ. ಇಲ್ಲಿ ಹಸಿರಿಲ್ಲ. ಮನೆಯೊಳಗಿನ ಕಪ್ಪು, ಅಂಗಳದ ಬಿಳುಪು, ನಡುವೆ ಬೂದು. ಆ ಚೆಂದವಾದ ಊರು ಆ ಹೆಣ್ಣಿಗೆ ಹೇಗೆ ಕಂಡಿರಬಹುದು ಅನ್ನುವುದು ಬಣ್ಣ ತೆಗೆದ ಮೇಲೆಯೇ ನನಗೆ ಅರ್ಥವಾಯಿತು. ಸಂಗೀತ ಕಾರಂತರದು, ಅದಕ್ಕೂ ರಾಷ್ಟ್ರಪ್ರಶಸ್ತಿ. ಎಲ್ಲಿ ಸುಮ್ಮನಿರಬೇಕು ಅನ್ನುವುದು ಕಾರಂತರಿಗೆ ತಿಳಿದಿತ್ತು. ನಾಟಕದವರ ಕಿವಿ ಅದು.

— ಮತ್ತೆ ನಿಮ್ಮ ಪ್ರಶ್ನೆಗೆ ಬನ್ನಿ. ಬದುಕಿದ್ದವರ ಶ್ರಾದ್ಧ ಉಳಿದ ಚಿತ್ರಗಳಲ್ಲೂ ಇದೆ ಅಂದಿರಿ. ಎಲ್ಲಿದೆ?

— ‘ತಬರನ ಕತೆ’ ನೋಡಿ. 1986. ಪೂರ್ಣಚಂದ್ರ ತೇಜಸ್ವಿಯವರ ಕತೆ. ಅಗ್ರಹಾರ ಇಲ್ಲ, ಪುರೋಹಿತರಿಲ್ಲ. ಇರುವುದು ಸರ್ಕಾರಿ ಕಚೇರಿ. ತಬರ ಬ್ರಿಟಿಷರ ಕಾಲದಿಂದ ನೌಕರಿ ಮಾಡಿದ ಜವಾನ, ನಿವೃತ್ತನಾಗಿದ್ದಾನೆ, ಪಿಂಚಣಿ ಬರಬೇಕು. ಫೈಲು ಮೇಜಿನಿಂದ ಮೇಜಿಗೆ ಹೋಗುತ್ತದೆ. ಹೆಂಡತಿಗೆ ಸಕ್ಕರೆ ಕಾಯಿಲೆ, ಕಾಲಿನ ಗಾಯ ಕೊಳೆಯುತ್ತಿದೆ. ಕಾಲು ಕತ್ತರಿಸಬೇಕು, ಆಸ್ಪತ್ರೆಗೆ ದುಡ್ಡಿಲ್ಲ. ತಬರ ಕಟುಕನ ಹತ್ತಿರ ಹೋಗಿ ಕಾಲು ಕಡಿದುಕೊಡು ಅಂತ ಬೇಡುತ್ತಾನೆ. ಚಾರುಹಾಸನ್ ಆ ಮಾತನ್ನು ಅಳುತ್ತಾ ಹೇಳಿದ್ದರೆ ಅದು ಸಿನಿಮಾದ ಮಾತಾಗುತ್ತಿತ್ತು. ಅವರು ಲೆಕ್ಕ ಹಾಕಿ ನೋಡಿದವನ ಹಾಗೆ, ಇದೂ ಒಂದು ದಾರಿ ಇದೆಯಲ್ಲ ಅನ್ನುವ ಹಾಗೆ ಕೇಳುತ್ತಾರೆ. ಎದೆ ಝಲ್ಲೆನ್ನುತ್ತದೆ. ಕಚೇರಿಯವರ ಪಾಲಿಗೆ ತಬರ ಯಾವತ್ತೋ ಸತ್ತಿದ್ದಾನೆ, ಕಾಗದ ಮಾತ್ರ ಇನ್ನೂ ಓಡಾಡುತ್ತಿದೆ.

— ಒಪ್ಪಿದೆ. ‘ದ್ವೀಪ’?

— ಅಣೆಕಟ್ಟಿನ ನೀರು ಏರುತ್ತಿದೆ. ನಾ. ಡಿಸೋಜರ ಕಾದಂಬರಿ. ಕಾಗದದಲ್ಲಿ ಆ ಗುಡ್ಡ ಮುಳುಗಿಹೋಗಿದೆ, ಮೇಲೆ ಮನುಷ್ಯರಿದ್ದಾರೆ. ದುಗ್ಗಜ್ಜ, ಅವನ ಮಗ ಗಣಪ, ಸೊಸೆ ನಾಗಿ. ದುಗ್ಗಜ್ಜನಾಗಿ ಎಂ.ವಿ. ವಾಸುದೇವರಾವ್, ಹಿಂದೆ ಚೋಮನಾಗಿದ್ದವರು. ನಾಗಿಯಾಗಿ ಸೌಂದರ್ಯ. ನಿರ್ಮಾಪಕಿಯೂ ಅವರೇ.

ಈ ಚಿತ್ರದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಯಾಕೆಂದರೆ ನಿಮ್ಮ ಆಕ್ಷೇಪಕ್ಕೆ ಉತ್ತರ ಇಲ್ಲಿಂದ ಶುರುವಾಗುತ್ತದೆ. ನಾಗಿ ಯಮುನೆಯ ಹಾಗೆ ಸುಮ್ಮನಿರುವವಳಲ್ಲ. ನೀರು, ಮಳೆ, ಹುಲಿಯ ಹೆದರಿಕೆ, ಗಂಡನ ಅನುಮಾನ, ಎಲ್ಲದರ ನಡುವೆ ಮನೆಯನ್ನು ಹಿಡಿದು ನಿಲ್ಲಿಸುತ್ತಾಳೆ. ಬೆಂಕಿ ಉರಿಸಿ ಕಾಡುಮೃಗವನ್ನು ದೂರ ಇಡುತ್ತಾಳೆ. ಬೆಳಗಾಗುತ್ತದೆ, ಉಳಿದುಕೊಂಡಿದ್ದಾರೆ. ಗಣಪ ಏನು ಹೇಳುತ್ತಾನೆ? ದೇವರು ಕಾಪಾಡಿದ ಅನ್ನುತ್ತಾನೆ. ಹೆಂಡತಿ ರಾತ್ರಿಯಿಡೀ ಮಾಡಿದ್ದು ಲೆಕ್ಕಕ್ಕೇ ಇಲ್ಲ. ಗಡಿಗೆ ಒಡೆಯದೆಯೂ ಒಬ್ಬಳನ್ನು ಇಲ್ಲದವಳನ್ನಾಗಿ ಮಾಡಬಹುದು. ಆದರೆ ಈ ಸಲ ನಾವು ರಾತ್ರಿಯಿಡೀ ಅವಳ ಜೊತೆಗಿದ್ದೆವು. ಅವಳು ಮಾಡಿದ್ದನ್ನು ನಾವು ನೋಡಿದ್ದೇವೆ, ಅವಳ ಗಂಡ ನೋಡಿಲ್ಲ. ನೋಟ ಜಾಗ ಬದಲಿಸಿದೆ.

— ನಡುವೆ ‘ತಾಯಿ ಸಾಹೇಬ’ ಇದೆ. 1997.

— ಇದೆ, ಜಯಮಾಲಾ ಅವರ ಅತ್ಯುತ್ತಮ ಅಭಿನಯ ಅದರಲ್ಲಿದೆ. ವೈಶಾಲಿ ಕಾಸರವಳ್ಳಿಯವರ ವಸ್ತ್ರವಿನ್ಯಾಸಕ್ಕೆ ರಾಷ್ಟ್ರಪ್ರಶಸ್ತಿ ಬಂತು. ‘ಘಟಶ್ರಾದ್ಧ’, ‘ತಬರನ ಕತೆ’, ‘ತಾಯಿ ಸಾಹೇಬ’, ‘ದ್ವೀಪ’, ಹೀಗೆ ನಾಲ್ಕು ಸ್ವರ್ಣಕಮಲ. ಪ್ರಶಸ್ತಿಯ ಮಾತು ಇಷ್ಟಕ್ಕೇ ಸಾಕು. ನನಗೆ ಅವಸರ ಇರುವುದು ‘ಗುಲಾಬಿ ಟಾಕೀಸ್’ಗೆ ಬರಲು.

— ಬನ್ನಿ.

— ವೈದೇಹಿಯವರ ಕತೆಯಲ್ಲಿ ಊರಿಗೆ ಬರುವುದು ಸಿನಿಮಾ ಟಾಕೀಸು. ಕಾಸರವಳ್ಳಿ ಅದನ್ನು ಟೀವಿ ಮಾಡಿದರು. ಕತೆಯ ಕಾಲವನ್ನು ಕಾರ್ಗಿಲ್ ಯುದ್ಧದ ದಿನಗಳಿಗೆ ಎಳೆದು ತಂದರು, ಸೂಲಗಿತ್ತಿಯನ್ನು ಮುಸ್ಲಿಂ ಹೆಂಗಸು ಮಾಡಿದರು, ಕುಂದಾಪುರದ ಕಡೆಯ ಮೀನುಗಾರರ ನಡುವೆ ಇಟ್ಟರು. ಸಾಹಿತ್ಯವನ್ನು ಇದ್ದ ಹಾಗೆ ತೆರೆಗೆ ತರುವವರು ಅಂತ ಅವರ ಬಗ್ಗೆ ಒಂದು ಮಾತಿದೆ. ಈ ಒಂದು ಚಿತ್ರ ಸಾಕು, ಆ ಮಾತು ನಿಲ್ಲುವುದಿಲ್ಲ.

ಉಮಾಶ್ರೀಯವರ ಗುಲಾಬಿಗೆ ಸಿನಿಮಾ ಹುಚ್ಚು. ಹೆರಿಗೆಗೆ ಕರೆಯಲು ಬಂದವರು ಅವಳನ್ನು ಟಾಕೀಸಿನಿಂದ ಎಬ್ಬಿಸಿಕೊಂಡು ಹೋಗಬೇಕು. ಹೆರಿಗೆ ಮಾಡಿಸಿದ್ದಕ್ಕೆ ಬಣ್ಣದ ಟೀವಿ, ಡಿಶ್ ಆಂಟೆನಾ ಉಡುಗೊರೆಯಾಗಿ ಬರುತ್ತದೆ. ಗಂಡ ಮೂಸಾ ಬಿಟ್ಟುಹೋದ ಒಂಟಿ ಹೆಂಗಸಿನ ಆ ಗುಡಿಸಲಿಗೆ ಊರಿನ ಹೆಂಗಸರೆಲ್ಲ ಬರತೊಡಗುತ್ತಾರೆ. ಒಂದಿಷ್ಟು ದಿನ ಅಲ್ಲಿ ಜಾತಿಯಿಲ್ಲ, ಮತವಿಲ್ಲ, ಧಾರಾವಾಹಿ ಇದೆ. ಅದೇ ಟೀವಿಯಲ್ಲಿ ಯುದ್ಧವೂ ಬರುತ್ತದೆ. ಕಡಲಲ್ಲಿ ದೊಡ್ಡ ಬೋಟುಗಳ ಜಗಳವೂ ಸೇರಿಕೊಳ್ಳುತ್ತದೆ. ನೇತ್ರು ಅನ್ನುವ ಹುಡುಗಿ ಕಾಣೆಯಾದಾಗ ತಪ್ಪು ಗುಲಾಬಿಯ ತಲೆಗೆ ಬರುತ್ತದೆ. ಊರಿನ ಅರ್ಧ ಮಕ್ಕಳನ್ನು ಕೈಯಲ್ಲಿ ಎತ್ತಿಕೊಂಡವಳನ್ನು ಊರು ಹೊರಗೆ ಹಾಕುತ್ತದೆ.

— ಅಂದರೆ ಮತ್ತೆ ಘಟಶ್ರಾದ್ಧ.

— ಹೌದು. 1977ರಲ್ಲಿ ಅದಕ್ಕೆ ಮಂತ್ರ ಬೇಕಿತ್ತು, ಪುರೋಹಿತರು ಬೇಕಿತ್ತು, ಶಾಸ್ತ್ರದ ಅಪ್ಪಣೆ ಬೇಕಿತ್ತು. 2008ರ ಚಿತ್ರದಲ್ಲಿ ಏನೂ ಬೇಡ. ಗುಂಪು ಸೇರಿದರೆ ಆಯಿತು. ಯಮುನೆಯನ್ನು ಹೊರಗಿಟ್ಟವರು ಕನಿಷ್ಠ ಒಂದು ಪುಸ್ತಕ ತೆಗೆದು ನೋಡಿದ್ದರು, ಗುಲಾಬಿಯ ಪಾಲಿಗೆ ಅದೂ ಇಲ್ಲ. ನಾನು ಹಳೆಯದನ್ನು ಸಮರ್ಥಿಸುತ್ತಿಲ್ಲ. ಕ್ರೌರ್ಯ ಮುಂದುವರಿದು ಇನ್ನೂ ಸುಲಭವಾಗಿದೆ ಅನ್ನುವುದನ್ನು ಆ ಮನುಷ್ಯ ಮೂವತ್ತು ವರ್ಷ ಬಿಡದೆ ಗಮನಿಸಿದ್ದಾರೆ ಅನ್ನುತ್ತಿದ್ದೇನೆ. ಇನ್ನೊಂದು ವ್ಯತ್ಯಾಸ ನಿಮಗಾಗಿ. ಯಮುನೆಯನ್ನು ನಾಣಿ ನೋಡುತ್ತಿದ್ದ. ಇಲ್ಲಿ ಗುಲಾಬಿಯೇ ನೋಡುತ್ತಾಳೆ. ತೆರೆಯ ಬೆಳಕು ಅವಳ ಮುಖದ ಮೇಲೆ ಬಿದ್ದಾಗ ಅವಳಿಗೆ ಏನು ಬೇಕು ಅನ್ನುವುದು ಒಂದು ಮಾತೂ ಇಲ್ಲದೆ ಕಾಣುತ್ತದೆ. ನೀವು ಯಮುನೆಗೆ ಕೇಳಿದ ಆಸೆ ಇದೇ.

— ಯಮುನೆಗೆ ಸಿಗದೇ ಹೋದದ್ದು ಗುಲಾಬಿಗೆ ಸಿಕ್ಕಿತು ಅನ್ನೋಣ. ಆದರೂ ಯಮುನೆಗೆ ಆದ ಕೊರತೆ ಕೊರತೆಯೇ. ಮುಂದಿನ ಚಿತ್ರ ಹಿಂದಿನದನ್ನು ತುಂಬಿಕೊಡಲಾರದು.

— ತುಂಬಿಕೊಡಲಾರದು. ನಿಜ.

— ಇನ್ನೊಂದು. ಎಲ್ಲ ಚಿತ್ರಗಳನ್ನೂ ಒಂದೇ ಸೂತ್ರಕ್ಕೆ ಪೋಣಿಸುತ್ತಿದ್ದೀರಿ. ‘ಮನೆ’ಯನ್ನು ಎಲ್ಲಿಡುತ್ತೀರಿ? ನಾಸಿರುದ್ದೀನ್ ಶಾ, ದೀಪ್ತಿ ನವಲ್. ಹಳ್ಳಿಯಿಂದ ಬಂದ ಗಂಡಹೆಂಡಿರು ನಗರದಲ್ಲಿ ಬಾಡಿಗೆಮನೆ ಹಿಡಿಯುತ್ತಾರೆ, ಪಕ್ಕದ ಶೆಡ್ಡಿನ ಸದ್ದಿಗೆ ನಿದ್ದೆಗೆಡುತ್ತಾರೆ, ಪೊಲೀಸರ ಮೊರೆಹೋಗುತ್ತಾರೆ. ಅಲ್ಲಿ ಯಾರ ಶ್ರಾದ್ಧ?

— ಅದು ನನ್ನ ಸೂತ್ರಕ್ಕೆ ಸಲೀಸಾಗಿ ಬರುವುದಿಲ್ಲ. ಆದರೆ ಅಲ್ಲಿ ನೊಂದವರೇ ಇನ್ನೊಬ್ಬರ ಮೇಲೆ ಅಧಿಕಾರವನ್ನು ಕರೆತರುತ್ತಾರೆ. ಉಡುಪರ ಜಾಗದಲ್ಲಿ ನಮ್ಮ ನಿಮ್ಮಂಥವರು ಕೂತಿದ್ದಾರೆ. ಬಾಡಿಗೆಮನೆಯಲ್ಲಿ ಬದುಕಿದ ಯಾರನ್ನೂ ಆ ಚಿತ್ರ ಸುಖವಾಗಿ ನೋಡಲು ಬಿಡುವುದಿಲ್ಲ. ಅದನ್ನು ಅವರ ಅತ್ಯಂತ ಧೈರ್ಯದ ಚಿತ್ರ ಅನ್ನುತ್ತೇನೆ.

— ‘ಕೂರ್ಮಾವತಾರ’ ನನಗೆ ಹತ್ತಿರದ್ದು. ಕುಂ. ವೀರಭದ್ರಪ್ಪನವರ ಕತೆ. ನಿವೃತ್ತಿಯ ಅಂಚಿನಲ್ಲಿರುವ ಗುಮಾಸ್ತ, ಮುಖ ಗಾಂಧಿಯ ಹಾಗಿದೆ ಅಂತ ಧಾರಾವಾಹಿಯಲ್ಲಿ ಗಾಂಧಿಯ ಪಾತ್ರ ಸಿಗುತ್ತದೆ. ಜನ ಅವನಲ್ಲಿ ಗಾಂಧಿಯನ್ನು ಹುಡುಕಲು ಶುರುಮಾಡುತ್ತಾರೆ. ಅವನಿಗೂ ಗಾಂಧಿಯನ್ನು ಓದದೆ ವಿಧಿಯಿಲ್ಲ.

— ನೋಡಿ, ಅಲ್ಲಿ ನೋಡುವವರ ಕಣ್ಣೇ ಒಬ್ಬ ಮನುಷ್ಯನನ್ನು ಬದಲಿಸುತ್ತದೆ. ಮೊದಲ ಚಿತ್ರದಲ್ಲಿ ನೋಟಕ್ಕೆ ಏನನ್ನೂ ಮಾಡುವ ಶಕ್ತಿ ಇರಲಿಲ್ಲ. 2011ಕ್ಕೆ ಬರುವಾಗ ನೋಟಕ್ಕೆ ಅಪಾಯ ಆಗುವಷ್ಟು ಶಕ್ತಿ ಬಂದಿದೆ. ಒಂದೇ ಕಡೆ ನಿಂತ ಕಲಾವಿದನಿಗೆ ಇದು ಆಗುವುದಿಲ್ಲ. ‘ಹಸೀನಾ’ವನ್ನೂ ಮರೆಯಬೇಡಿ. ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬುಕರ್ ಬಂದಾಗ ನಾಡೆಲ್ಲ ಸಂಭ್ರಮಿಸಿತು. ಅವರ ‘ಕರಿನಾಗರಗಳು’ ಕತೆಯನ್ನು ಇವರು 2004ರಲ್ಲೇ ಚಿತ್ರ ಮಾಡಿದ್ದರು. ನ್ಯಾಯ ಕೇಳಿ ಮಸೀದಿಯ ಮುಂದೆ ಕೂತ ಆ ಹೆಂಗಸಾಗಿ ತಾರಾ ಅವರನ್ನು ನೋಡಿದವರೆಷ್ಟು ಮಂದಿ?

— ಕಡಿಮೆ. ಇಲ್ಲಿಯೇ ನನ್ನ ನಿಜವಾದ ಸಿಟ್ಟು. ಚಿತ್ರಗಳು ಜನರಿಗೆ ಸಿಗುವುದಿಲ್ಲ. ಪ್ರಶಸ್ತಿ ಬಂತು ಅಂತ ಪತ್ರಿಕೆಯಲ್ಲಿ ಓದುತ್ತೇವೆ, ಒಂದು ಉತ್ಸವದಲ್ಲಿ ಒಂದು ಪ್ರದರ್ಶನ ಆಗುತ್ತದೆ, ಮುಗಿಯಿತು. ನಿಧಾನದ ಚಿತ್ರ, ಜನ ನೋಡುವುದಿಲ್ಲ ಅನ್ನುತ್ತಾರೆ. ತೋರಿಸದೆ ಹಾಗೆ ಹೇಳುವುದು ಹೇಗೆ? ‘ಘಟಶ್ರಾದ್ಧ’ದ ಹೊಸ ಪ್ರತಿಯನ್ನು ನೋಡುವಾಗ ನನ್ನ ಸುತ್ತ ಇದ್ದವರಲ್ಲಿ ಹೆಚ್ಚಿನವರು ಆ ಚಿತ್ರ ಬಂದ ಎಷ್ಟೋ ವರ್ಷದ ಮೇಲೆ ಹುಟ್ಟಿದವರು. ಒಬ್ಬರೂ ಎದ್ದು ಹೋಗಲಿಲ್ಲ.

— ಆ ಪ್ರತಿ ಆದದ್ದು ಹೇಗೆ ಗೊತ್ತಲ್ಲ? ನೆಗೆಟಿವ್ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಉಳಿದಿತ್ತು. ಮುಂಬೈಯ ಫಿಲ್ಮ್ ಹೆರಿಟೇಜ್ ಫೌಂಡೇಶನ್, ಮಾರ್ಟಿನ್ ಸ್ಕಾರ್ಸೆಸಿಯವರ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಅದನ್ನು 4ಕೆ ಗುಣಮಟ್ಟಕ್ಕೆ ತಂದವು. ಹಾಬ್ಸನ್–ಲ್ಯೂಕಾಸ್ ಫ್ಯಾಮಿಲಿ ಫೌಂಡೇಶನ್ ಹಣ ಕೊಟ್ಟಿತು. 2024ರಲ್ಲಿ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ಮೊದಲ ಪ್ರದರ್ಶನ.

— ಹೊರಗಿನವರು ಬಂದು ಉಳಿಸಬೇಕಾಯಿತು.

— ಉಳಿಸಿದರಲ್ಲ, ಅವರಿಗೆ ಕೈ ಮುಗಿಯುತ್ತೇನೆ. ಆದರೆ ಮುಂದಿನದು ನಮ್ಮ ಕೆಲಸ. ಕಪ್ಪುಬಿಳುಪು ನೆಗೆಟಿವ್ ಚೆನ್ನಾಗಿ ಇಟ್ಟರೆ ಬಹುಕಾಲ ತಾಳುತ್ತದೆ. ಕಲರ್ ನೆಗೆಟಿವ್ ಹಾಗಲ್ಲ. ಒಂದೊಂದು ಬಣ್ಣ ಒಂದೊಂದು ವೇಗದಲ್ಲಿ ಮಾಸುತ್ತದೆ. ಸೆಕೆ, ತೇವ ತಗುಲಿದರೆ ಇನ್ನೂ ಬೇಗ. ನಮ್ಮ ಹವೆಯಲ್ಲಿ ಕಾಯುವಷ್ಟು ಸಮಯ ಇಲ್ಲ.

— ಸರ್ಕಾರ ಒಂದೇ ಚಿತ್ರಕ್ಕೆ ಹಣ ಕೊಡುತ್ತೇನೆ ಅಂದರೆ ಯಾವುದನ್ನು ಹೇಳುತ್ತೀರಿ?

— ‘ತಬರನ ಕತೆ’. ಕಣ್ಣುಮುಚ್ಚಿ ಹೇಳುತ್ತೇನೆ.

— ನಾನು ‘ಮನೆ’ ಅನ್ನುತ್ತೇನೆ. ತಬರನ ಕತೆಯನ್ನು ತೇಜಸ್ವಿಯವರ ಪುಸ್ತಕದಲ್ಲಾದರೂ ಓದಿಕೊಳ್ಳಬಹುದು. ಆ ಶೆಡ್ಡಿನ ಸದ್ದು ಫಿಲ್ಮಿನಲ್ಲಿ ಮಾತ್ರ ಇದೆ.

— ಚಾರುಹಾಸನ್ ಕಟುಕನ ಮುಂದೆ ನಿಂತ ರೀತಿ ಪುಸ್ತಕದಲ್ಲಿ ಎಲ್ಲಿದೆ?

— ಹಾಗಾದರೆ ಎರಡಕ್ಕೂ ಅರ್ಜಿ ಹಾಕೋಣ. ಬರೆಯುವ ಕೆಲಸ ನನಗಿರಲಿ, ಸಹಿ ಮೊದಲು ನಿಮ್ಮದು.